ಮಾಡೆಲ್ 42 ದಿನ ಅನ್ನುತ್ತಿತ್ತು, ಕೆಲಸ 70 ದಾಟುತ್ತಿತ್ತು

ಪಂಪ್ ಡಿಸೈನ್ ಪ್ರಕ್ರಿಯೆಯನ್ನು ಸಿಮ್‌ಪೈನಲ್ಲಿ (ಪೈಥಾನ್‌ನ ಸಿಮ್ಯುಲೇಷನ್ ಲೈಬ್ರರಿ) ಸಿಮ್ಯುಲೇಟ್ ಮಾಡಿದ್ದೆ. ಒಟ್ಟು 18 ಕೆಲಸ. ಮಾಡೆಲ್ ಯಾವಾಗಲೂ 42 ದಿನದ ಆಸುಪಾಸು ಹೇಳುತ್ತಿತ್ತು. ಹಳೆಯ ಪ್ರಾಜೆಕ್ಟುಗಳು 70 ದಾಟಿದ್ದವು.

ಸಿಮ್ಯುಲೇಷನ್ ರನ್‌ಗಳನ್ನು 100ರಿಂದ 10,000ಕ್ಕೆ ಏರಿಸಿದೆ. ತಪ್ಪು ಉತ್ತರವೇ ಇನ್ನಷ್ಟು ನುಣ್ಣಗೆ ಬಂತು, ಅಷ್ಟೇ. ಪ್ರತಿ ಕೆಲಸಕ್ಕೂ ಶೇ 20 ಸೇರಿಸಿದರೆ 50 ಆಯಿತು. ಕೆಲಸಗಳನ್ನು ಸಣ್ಣದಾಗಿ ಒಡೆದದ್ದು ಸುಮ್ನೆ ದಂಡ.

ಬಿಟ್ಟುಹೋಗಿದ್ದು ವಾಪಸ್ ಬರುವ ಕೆಲಸ. 18×18ರ ಡಿಸೈನ್ ಸ್ಟ್ರಕ್ಚರ್ ಮ್ಯಾಟ್ರಿಕ್ಸ್ ಹಾಕಿದೆ, ಅಂದರೆ ಯಾವ ಕೆಲಸ ಯಾವುದನ್ನು ನೆಚ್ಚಿದೆ ಅಂತ ತೋರಿಸುವ ಚೌಕದ ಪಟ್ಟಿ; ಸಾಲು, ಕಾಲಂ ಎರಡರಲ್ಲೂ ಕೆಲಸಗಳು ನಡೆಯುವ ಕ್ರಮದಲ್ಲೇ. ಸಾಲಿನ ಕೆಲಸಕ್ಕೆ ಯಾವ ಕಾಲಂನಿಂದ ಮಾಹಿತಿ ಬೇಕೋ ಅಲ್ಲಿ ಗುರುತು. ಕರ್ಣದ ಮೇಲ್ಭಾಗದ ಗುರುತುಗಳೇ ಹಿಂದಕ್ಕೆ ತಿರುಗುವ ಲೂಪ್‌ಗಳು. 5 ಸಿಕ್ಕವು. ದೊಡ್ಡದು ಸ್ಟ್ರೆಸ್ ಲೆಕ್ಕದಿಂದ ಇಂಪೆಲ್ಲರ್ (ಪಂಪಿನೊಳಗೆ ತಿರುಗುವ ಚಕ್ರ) ಡ್ರಾಯಿಂಗಿಗೆ. ಹಳೆಯ ಡ್ರಾಯಿಂಗ್‌ಗಳ ರಿವಿಷನ್ ಟೇಬಲ್ ಎಣಿಸಿದೆ: 10ರಲ್ಲಿ 4 ಸಲ ವಾಪಸ್. ಆದ್ದರಿಂದ ಸಾಧ್ಯತೆ 0.4. ಮತ್ತೆ ಮಾಡುವಾಗ ಮೂಲ ಅವಧಿಯ ಅರ್ಧ. ಮೂರು ಸುತ್ತಿಗೆ ಲೂಪ್ ಬಂದ್.

ಸ್ಟ್ರೆಸ್ ಲೆಕ್ಕ ಮಾಡುವವರು ಒಬ್ಬರೇ ಅಲ್ವಾ? ಅವರನ್ನು ಮಾಡೆಲ್‌ನಲ್ಲಿ ಪ್ರಯಾರಿಟಿ ರಿಸೋರ್ಸ್ (ಆದ್ಯತೆಯಂತೆ ಸರದಿ ಕೊಡುವ ಸಂಪನ್ಮೂಲ) ಮಾಡಿದೆ, ಕೆಪಾಸಿಟಿ 1, ಅಂದರೆ ಒಂದು ಸಲಕ್ಕೆ ಒಂದೇ ಕೆಲಸ. ವಾಪಸ್ ಬಂದದ್ದಕ್ಕೆ ಪ್ರಯಾರಿಟಿ 0, ಹೊಸದಕ್ಕೆ 1. ಸಿಮ್‌ಪೈನಲ್ಲಿ ಚಿಕ್ಕ ಸಂಖ್ಯೆಗೇ ಮೊದಲ ಸರದಿ. ನಾನು ಉಲ್ಟಾ ಹಾಕಿ ಎರಡು ದಿನ ಕಳೆದೆ. ಮೊದಲು ಲೂಪ್ ಸರಿಮಾಡಿ, ಆಮೇಲೆ ಜನರನ್ನು ಸೇರಿಸಿ.

ಈಗ ಮಾಡೆಲ್ 68 ಅನ್ನುತ್ತದೆ. ಒರಟು ಸ್ಟ್ರೆಸ್ ಲೆಕ್ಕವನ್ನು ಡ್ರಾಯಿಂಗಿಗೂ ಮುಂಚೆ ತಂದರೆ 57.