ಹಾಲು ಬಿಟ್ಟ ಕೇಕು ಹಗುರ ಅಂತ ತಿಳಿಯಬೇಡಿ

ಹಾಲು, ಬೆಣ್ಣೆ, ತತ್ತಿ ಇಲ್ಲ ಅಂದಮಾತ್ರಕ್ಕೆ ಕೇಕು ಮೈಗೆ ಹತ್ತುವುದಿಲ್ಲ ಅನ್ನುವ ನಂಬಿಕೆ ಹುಬ್ಬಳ್ಳಿ-ಧಾರವಾಡದ ಹೊಸ ಸೊಸೆಯಂದಿರಲ್ಲಿ, ಮೊಮ್ಮಕ್ಕಳಲ್ಲಿ ಬಹಳ ಕಾಣುತ್ತೇನೆ. ಹಾಲು ಬಿಡುವುದಕ್ಕೆ ಕಾರಣ ಏನೇ ಇರಲಿ, ಹೊಟ್ಟೆಗೆ ಆಗಿಬರದೆ ಬಿಟ್ಟಿರಲಿ, ಪ್ರಾಣಿಗಳ ಮೇಲಿನ ಕರುಣೆಗೆ ಬಿಟ್ಟಿರಲಿ, ಅದು ಒಳ್ಳೆಯ ನಿರ್ಧಾರವೇ. ಆದರೆ ತೂಕದ ಲೆಕ್ಕ ಬೇರೆ. ಒಂದು ದೊಡ್ಡ ಚಮಚ ಬೆಣ್ಣೆಯಲ್ಲಿ ಸುಮಾರು 100 ಕ್ಯಾಲರಿ ಇದ್ದರೆ ಅಷ್ಟೇ ಎಣ್ಣೆಯಲ್ಲಿ 120. ಬೆಣ್ಣೆಯಲ್ಲಿ ಸ್ವಲ್ಪ ನೀರಾದರೂ ಇರುತ್ತದೆ, ಎಣ್ಣೆ ಪೂರ್ತಿ ಜಿಡ್ಡು. ಗಟ್ಟಿ ತೆಂಗಿನ ಹಾಲಿನಲ್ಲಿ ಎಮ್ಮೆ ಹಾಲಿನ ಎರಡು ಪಟ್ಟು ಕ್ಯಾಲರಿ ಇದೆ. ಬೆಲ್ಲ ಹಾಕಿದರೆ ಚಿಂತೆಯಿಲ್ಲ ಅನ್ನುವವರಿಗೂ ಇದೇ ಮಾತು. ರುಚಿಗೆ, ಬಣ್ಣಕ್ಕೆ ಬೆಲ್ಲ ನನಗೂ ಬೇಕು, ಆದರೆ ತೂಕದ ಮಟ್ಟಿಗೆ ಅದು ಸಕ್ಕರೆಗಿಂತ ಹೆಚ್ಚು ಬೇರೆಯಲ್ಲ. ಸಕ್ಕರೆ ಕಾಯಿಲೆಯವರಂತೂ ಬೆಲ್ಲದ ಹೆಸರಿನಲ್ಲಿ ಮೋಸ ಹೋಗಬಾರದು.

ಹಾಗಾದರೆ ಏನು ಮಾಡಬೇಕು? ಎಣ್ಣೆಯ ಕೆಲಸವನ್ನು ಅರ್ಧದಷ್ಟು ಹಣ್ಣಿಗೆ ಒಪ್ಪಿಸಿ. ಸಿಪ್ಪೆಯ ಮೇಲೆ ಕಪ್ಪು ಚುಕ್ಕೆ ಬಿದ್ದ, ಕೈಯಲ್ಲಿ ಹಿಡಿದರೆ ಮೆತ್ತಗಿರುವ ಬಾಳೆಹಣ್ಣು ಇದಕ್ಕೆ ಉತ್ತಮ. ಅದು ಕೇಕನ್ನು ಒಣಗಗೊಡುವುದಿಲ್ಲ, ಅದರದೇ ಸಿಹಿಯೂ ಇರುವುದರಿಂದ ಬೆಲ್ಲ ಕಡಿಮೆ ಸಾಕು.

ತತ್ತಿಯ ಬದಲಿಗೆ ಪೇಟೆಯಲ್ಲಿ ಏನೇನೋ ಪುಡಿ ಸಿಗುತ್ತವೆ, ಅವು ಯಾವುವೂ ಬೇಡ. ನಮ್ಮ ಕಡೆ ಅಗಸಿ ಇಲ್ಲದ ಮನೆ ಇಲ್ಲ. ಚಟ್ನಿಗೆ ನಾವು ಹುರಿಯುತ್ತೇವೆ, ಕೇಕಿಗೆ ಹುರಿಯದೆ ಹಾಗೇ ಮಿಕ್ಸಿಯಲ್ಲಿ ನುಣ್ಣಗೆ ಪುಡಿ ಮಾಡಿ. ಒಂದು ದೊಡ್ಡ ಚಮಚ ಪುಡಿಗೆ ಮೂರು ದೊಡ್ಡ ಚಮಚ ನೀರು ಹಾಕಿ ಕಲಸಿ ಹತ್ತು ನಿಮಿಷ ಬಿಟ್ಟರೆ ಲೋಳೆಯಾಗುತ್ತದೆ. ಚಮಚ ಎತ್ತಿದಾಗ ಎಳೆ ಎಳೆಯಾಗಿ ಇಳಿಯಬೇಕು, ನೀರಿನಂತೆ ಸುರಿದರೆ ಇನ್ನೂ ಆಗಿಲ್ಲ ಅಂತ ತಿಳಿಯಿರಿ. ಅದು ಒಂದು ತತ್ತಿಗೆ ಸಮ, ಹಿಟ್ಟನ್ನು ಹಿಡಿದಿಡುತ್ತದೆ. ಅಗಸಿ ಪುಡಿ ಬೇಗ ಕಮಟು ವಾಸನೆ ಹಿಡಿಯುತ್ತದೆ, ವಾರಕ್ಕೆ ಬೇಕಾದಷ್ಟೇ ಮಾಡಿ ಗಾಳಿಯಾಡದ ಡಬ್ಬಿಯಲ್ಲಿ ಫ್ರಿಜ್ಜಿನಲ್ಲಿಡಿ.

ಹಾಲಿಗೆ ಶೇಂಗಾ. ಒಂದು ಹಿಡಿ ಶೇಂಗಾ ರಾತ್ರಿ ನೆನೆಹಾಕಿ, ಬೆಳಗ್ಗೆ ಕೈಯಲ್ಲಿ ಉಜ್ಜಿ ಸಿಪ್ಪೆ ತೆಗೆದು, ಒಂದೂವರೆ ಕಪ್ ನೀರು ಹಾಕಿ ರುಬ್ಬಿ ತೆಳು ಬಟ್ಟೆಯಲ್ಲಿ ಸೋಸಿ. ಒಂದು ಕುದಿ ಬರಿಸಿದರೆ ಹಸಿ ವಾಸನೆ ಹೋಗುತ್ತದೆ. ಬಟ್ಟೆಯಲ್ಲಿ ಉಳಿದದ್ದನ್ನು ಪಲ್ಯಕ್ಕೆ ಹಾಕಿ, ಚೆಲ್ಲಬೇಡಿ. ಮನೆಗೆ ಬಂದವರಿಗೆ ಕೊಡುವಾಗ ಇದರಲ್ಲಿ ಶೇಂಗಾ ಇದೆ ಅಂತ ಮೊದಲೇ ಹೇಳಿಬಿಡಿ, ಕೆಲವರಿಗೆ ಅದು ಅಲರ್ಜಿ.

ಇನ್ನು ಕೇಕು. ಒಂದು ಕಪ್ ಚಪಾತಿ ಹಿಟ್ಟು, ಅರ್ಧ ಕಪ್ ನವಣಿ ಹಿಟ್ಟು, ಅರ್ಧ ಚಾ ಚಮಚ ಅಡುಗೆ ಸೋಡಾ, ಚಿಟಿಕೆ ಉಪ್ಪು ಸೇರಿಸಿ ಜರಡಿ ಹಿಡಿಯಿರಿ. ನವಣಿ ಇದಕ್ಕಿಂತ ಹೆಚ್ಚಾಗಬಾರದು, ಅದರಲ್ಲಿ ಗೋಧಿಯ ಅಂಟಿಲ್ಲ, ಕೇಕು ಕೊಯ್ಯುವಾಗ ಪುಡಿಪುಡಿಯಾಗುತ್ತದೆ. ನವಣಿ ಹಿಟ್ಟು ಸಿಗದಿದ್ದರೆ ನವಣಿ ಅಕ್ಕಿಯನ್ನೇ ತಂದು ತೊಳೆದು ಒಣಗಿಸಿ ಗಿರಣಿಗೆ ಕೊಡಿ, ಹಾವೇರಿ, ಗದಗ ಕಡೆಯ ನವಣಿ ರುಚಿಯಲ್ಲಿ ಏನೂ ಕಡಿಮೆ ಇಲ್ಲ. ಬೇರೆ ಪಾತ್ರೆಯಲ್ಲಿ ಮೂರು ದೊಡ್ಡ ಬಾಳೆಹಣ್ಣು (ಜವಾರಿ ಸಣ್ಣವಾದರೆ ಐದಾರು) ಕಿವುಚಿ, 60 ಗ್ರಾಂ ಬೆಲ್ಲದ ಪುಡಿ, ಮೂರು ದೊಡ್ಡ ಚಮಚ ಎಣ್ಣೆ, ಅಗಸಿ ಲೋಳೆ, ಅರ್ಧ ಕಪ್ ಆರಿದ ಶೇಂಗಾ ಹಾಲು, ಎರಡು ಏಲಕ್ಕಿಯ ಪುಡಿ ಸೇರಿಸಿ. ಒಂದು ದೊಡ್ಡ ಚಮಚ ನಿಂಬೆ ರಸ ಕೊನೆಗೆ ಹಿಂಡಿ. ಮೊಸರು ಇಲ್ಲದ ಕೇಕಿನಲ್ಲಿ ಸೋಡಾಕ್ಕೆ ಹುಳಿ ಸಿಗುವುದು ಮುಖ್ಯವಾಗಿ ನಿಂಬೆಯಿಂದಲೇ. ಹುಳಿ ಸಾಲದಿದ್ದರೆ ಕೇಕು ಏಳುವುದೂ ಇಲ್ಲ, ಬಾಯಿಗೆ ಸಾಬೂನಿನ ರುಚಿ ಬೇರೆ. ಹಿಟ್ಟು ಬೆರೆಸಿದ ಮೇಲೆ ಹೆಚ್ಚು ತಿರುವಬೇಡಿ, ಮಾತಾಡುತ್ತ ನಿಲ್ಲಬೇಡಿ, ಗುಳ್ಳೆ ಇರುವಾಗಲೇ ಒಲೆಗೆ ಹೋಗಬೇಕು. ಮೊದಲೇ ಕಾಯಿಸಿಟ್ಟ ಓವನ್ನಿನಲ್ಲಿ 180 ಡಿಗ್ರಿಗೆ 35ರಿಂದ 40 ನಿಮಿಷ. ಓವನ್ ಇಲ್ಲದವರು ದಪ್ಪ ತಳದ ಹಳೆಯ ಬೋಗುಣಿಗೆ ಒಂದು ಪದರ ಉಪ್ಪು ಹರಡಿ, ಸಿಂಬಿ ಇಟ್ಟು, ಮುಚ್ಚಿ ಹತ್ತು ನಿಮಿಷ ಕಾಯಿಸಿ ಕೇಕಿನ ಡಬ್ಬಿ ಇಳಿಸಿ, ಸಣ್ಣ ಉರಿಯಲ್ಲಿ ಬೇಯಿಸಿ. ನಡುವೆ ಕಡ್ಡಿ ಚುಚ್ಚಿದಾಗ ಹಿಟ್ಟು ಅಂಟದೆ ಬಂದರೆ ಆಯಿತು. ಪೂರ್ತಿ ಆರುವ ಮುನ್ನ ಕೊಯ್ಯಲು ಹೋಗಬೇಡಿ.

ಇದನ್ನು 12 ತುಂಡು ಮಾಡಿದರೆ ತುಂಡಿಗೆ ಹತ್ತಿರ ಹತ್ತಿರ 135 ಕ್ಯಾಲರಿ. ಮೇಲೆ ಚಾಕೊಲೇಟ್, ಕ್ರೀಮ್ ಬಳಿದರೆ ಈ ಲೆಕ್ಕ ಸುಳ್ಳಾಗುತ್ತದೆ. ಒಂದು ತುಂಡನ್ನು ಸಂಜೆ ಹಾಲಿಲ್ಲದ ಚಹಾದ ಜೊತೆ, ಚುರುಮುರಿ-ಮಿರ್ಚಿಯ ಬದಲಿಗೆ ತಿನ್ನಿ. ಊಟ ಮುಗಿಸಿ ಅದರ ಮೇಲೆ ತಿಂದರೆ ಅದು ಹೆಚ್ಚುವರಿಯೇ. ತಿನ್ನುವಷ್ಟು ತಟ್ಟೆಗೆ ಹಾಕಿಕೊಂಡು ಡಬ್ಬಿ ಮುಚ್ಚಿಡಿ, ಡಬ್ಬಿಯಿಂದಲೇ ತಿಂದವರಿಗೆ ಲೆಕ್ಕ ಸಿಗುವುದಿಲ್ಲ.

ಸಿಹಿ ಬೇಡ ಅನ್ನುವವರಿಗೆ ಖಾರ ಬಿಸ್ಕೀಟು ನನ್ನ ಮೆಚ್ಚಿನದು. ಒಂದು ಕಪ್ ಜೋಳದ ಹಿಟ್ಟು, ಅರ್ಧ ಕಪ್ ಗೋಧಿ ಹಿಟ್ಟು, ಬ್ಯಾಡಗಿ ಮೆಣಸಿನ ಪುಡಿ, ಅಜವಾನ, ಎಳ್ಳು, ಉಪ್ಪು, ಮೂರು ಚಮಚ ಎಣ್ಣೆ, ಬಿಸಿನೀರು. ತೆಳ್ಳಗೆ ಲಟ್ಟಿಸಿ, ಫೋರ್ಕಿನಿಂದ ಚುಚ್ಚಿ, ಗರಿಯಾಗುವವರೆಗೆ ಬೇಯಿಸಿ. ಬ್ಯಾಡಗಿ ಮೆಣಸು ಬಣ್ಣ ಹೆಚ್ಚು, ಖಾರ ಕಡಿಮೆ, ಮಕ್ಕಳೂ ತಿನ್ನುತ್ತಾರೆ.

ಬೇಕರಿಯಿಂದ ತರುವವರಿಗೆ ಒಂದು ಎಚ್ಚರಿಕೆ. ಪ್ಯಾಕೆಟ್ಟಿನ ಮೇಲಿನ ಹಸಿರು ಚುಕ್ಕೆ ಸಸ್ಯಾಹಾರದ ಗುರುತು ಮಾತ್ರ, ಹಾಲಿನ ಪುಡಿ ಇದ್ದರೂ ಅದು ಇರುತ್ತದೆ. ಹಿಂದೆ ಸಣ್ಣಕ್ಷರದಲ್ಲಿ ಬರೆದದ್ದನ್ನು ಓದಿ. ಬೇಕರಿ ತಿನಿಸಿಗೆ ಹಾಕುವ ವನಸ್ಪತಿಯಲ್ಲಿ (ಡಾಲ್ಡಾದಂಥ ಗಟ್ಟಿ ಮಾಡಿದ ಎಣ್ಣೆ) ಹಾಲಿಲ್ಲ ನಿಜ, ಆದರೆ ಎಣ್ಣೆ ಗಟ್ಟಿ ಮಾಡುವಾಗ ಹುಟ್ಟುವ ಟ್ರಾನ್ಸ್ ಕೊಬ್ಬು ಹೃದಯಕ್ಕೆ ಕೆಟ್ಟದ್ದೆಂದೇ ಸರಕಾರ 2022ರಿಂದ ಅದನ್ನು ಶೇಕಡಾ 2ಕ್ಕೆ ಮಿತಿಗೊಳಿಸಿದೆ. ನಾನಂತೂ ಮನೆಗೆ ತರುವುದಿಲ್ಲ.

ಈ ಕೇಕು ಹೊರಗೆ ಎರಡು ದಿನ, ಬೇಸಿಗೆಯಲ್ಲಿ ಒಂದೇ ದಿನ ತಡೆಯುತ್ತದೆ. ಉಳಿದದ್ದನ್ನು ಒಂದೊಂದೇ ತುಂಡಾಗಿ ಸುತ್ತಿ ಫ್ರೀಜರಿನಲ್ಲಿಟ್ಟು, ಬೇಕಾದಾಗ ಒಂದೇ ತುಂಡು ತೆಗೆದು ಹಂಚಿನ ಮೇಲೆ ಬೆಚ್ಚಗೆ ಮಾಡಿಕೊಳ್ಳಿ.