ಎರಡು ಏರ್ ಫಿಲ್ಟರ್, ಎರಡು ಲೆಕ್ಕ: ಮನೆಯಲ್ಲೇ ಬದಲಾಯಿಸಿದ ನನ್ನ ಅನುಭವ

ನನ್ನ ಕಾರಿಗೆ ಏರ್ ಫಿಲ್ಟರ್ ಎರಡು. ವಿ6 ಪೆಟ್ರೋಲ್ ಎಂಜಿನ್. ಎಡಕ್ಕೊಂದು ಡಬ್ಬಿ, ಬಲಕ್ಕೊಂದು ಡಬ್ಬಿ, ಎರಡಕ್ಕೂ ಬೇರೆ ಬೇರೆ ಮ್ಯಾಫ್ ಸೆನ್ಸರ್, ಅಂದ್ರೆ ಒಳಗೆ ಹೋಗುವ ಗಾಳಿ ಎಷ್ಟು ಅಂತ ಅಳೆಯುವ ಸೆನ್ಸರ್. ಎರಡು ಪೈಪೂ ಕೊನೆಗೆ ಒಂದೇ ಪ್ಲೀನಮ್‌ಗೆ, ಅಂದ್ರೆ ಸಿಲಿಂಡರುಗಳಿಗೆ ಗಾಳಿ ಹಂಚುವ ಕೋಣೆಗೆ, ಹೋಗಿ ಸೇರುತ್ತವೆ. ಇದರಲ್ಲಿ ಬಲಗಡೆಯದನ್ನು ಮಾತ್ರ ಬದಲಾಯಿಸ್ತೀನಿ, ಎಡಗಡೆಯ ಹಳೆಯದು ಹಾಗೇ ಇರಲಿ ಅಂದಾಗ ನಗದವರಿಲ್ಲ. "ಹಾಕೋದಾದ್ರೆ ಎರಡೂ ಹಾಕು, ಇಲ್ಲಾಂದ್ರೆ ಸುಮ್ನಿರು" ಅಂದ ಒಬ್ಬ. ಚೆಕ್ ಎಂಜಿನ್ ಲೈಟ್ ಬಂದೇ ಬರುತ್ತೆ ಅಂತ ಇನ್ನೊಬ್ಬ ಪಂದ್ಯ ಕಟ್ಟಿದ. ಲಕ್ಷ ಕಿಲೋಮೀಟರ್ ಹತ್ತಿರ ಹೀಗೇ ಓಡಿಸಿದ್ದೇನೆ. ಲೈಟ್ ಬಂದಿಲ್ಲ. ಪಂದ್ಯದ ದುಡ್ಡೂ ಬಂದಿಲ್ಲ, ಅದು ಬೇರೆ ಮಾತು.

ಕ್ಲಿಪ್ ಎಲ್ಲಿರುತ್ತೆ, ಸ್ಕ್ರೂ ಯಾವ ಸೈಜು, ಅದನ್ನೆಲ್ಲ ಇಲ್ಲಿ ಬರೆಯಲ್ಲ. ಬಾನೆಟ್ ಎತ್ತಿದವರಿಗೆ ಗೊತ್ತಿರುವ ಕೆಲಸ ಅದು.

ಮೊದಲು ದುಡ್ಡಿನ ವಿಷಯ. ಸರ್ವಿಸ್ ಬಿಲ್‌ನಲ್ಲಿ ಏರ್ ಫಿಲ್ಟರ್ ಕೆಲಸಕ್ಕೆ 100 ಅಂತ ಇಟ್ಟುಕೊಂಡರೆ, ಎರಡು ಫಿಲ್ಟರ್ ಸೇರಿ ಅದರಲ್ಲಿ 60ರಷ್ಟು. ಉಳಿದದ್ದು ಕೂಲಿ, ಜೊತೆಗೆ "ಕ್ಲೀನಿಂಗ್" ಅನ್ನೋ ಒಂದು ಸಾಲು. ಆ ಕ್ಲೀನಿಂಗ್ ಏನು ಅಂತ ನನಗೆ ಡಬ್ಬಿ ಬಿಚ್ಚಿದ ದಿನ ಗೊತ್ತಾಯ್ತು. ತಳದಲ್ಲಿ ಒಣಗಿದ ಎಲೆ, ಜೇನುಹುಳದ ರೆಕ್ಕೆ, ಇಲಿ ತಂದಿಟ್ಟ ಒಂದು ಹಿಡಿ ಬೀಜದ ಸಿಪ್ಪೆ. ನೀರು ಇಳಿಯೋಕೆ ಇರುವ ತೂತು ಕೆಸರಿನಿಂದ ಪೂರ್ತಿ ಮುಚ್ಚಿಹೋಗಿತ್ತು. ಹೊಸ ಫಿಲ್ಟರನ್ನ ಇದರ ಮೇಲೇ ಕೂರಿಸಿ ಮುಚ್ಚಳ ಹಾಕಿದ್ದರು. ಮ್ಯಾನ್ಯುವಲ್‌ನಲ್ಲಿ "ಧೂಳು ಜಾಸ್ತಿ ಇದ್ದರೆ ಬೇಗ ಬದಲಾಯಿಸಿ" ಅಂತ ಒಂದು ಸಾಲಿದೆ. ಅದೇ ಸಾಲು ಹಿಡಿದುಕೊಂಡು 20 ಸಾವಿರ ಕಿಲೋಮೀಟರ್‌ಗೆಲ್ಲ ಎರಡನ್ನೂ ತೆಗೆದು ಬಿಸಾಡುತ್ತಿದ್ದರು. ತೆಗೆದದ್ದನ್ನು ನೋಡೋಣ ಅಂದ್ರೆ, "ಆಗ್ಲೇ ಎಸೆದುಬಿಟ್ವಿ ಸಾರ್".

ಮನೆಯಲ್ಲಿ ಮೊದಲ ಸಲ ಬಿಚ್ಚಿದಾಗ ಎರಡೂ ಫಿಲ್ಟರನ್ನ ತಕ್ಕಡಿಗೆ ಹಾಕಿದೆ, ಸುಮ್ನೆ ಕುತೂಹಲಕ್ಕೆ. ಎರಡೂ ಒಂದೇ ಪಾರ್ಟ್ ನಂಬರ್, ಹೊಸದಾಗಿ ಒಂದೇ ತೂಕ. ಹಳೆಯ ಎಡಗಡೆಯದು ಹೊಸದಕ್ಕಿಂತ 30 ಗ್ರಾಂ ಆಸುಪಾಸು ಜಾಸ್ತಿ ತೂಗಿತು. ಬಲಗಡೆಯದು 60 ದಾಟಿತ್ತು. ಅಂದ್ರೆ ಬಲಗಡೆಯ ಡಬ್ಬಿ ಹೆಚ್ಚುಕಡಿಮೆ ಎರಡು ಪಟ್ಟು ಧೂಳು ತಿಂತಾ ಇದೆ. ಯಾಕೆ ಅಂತ ಹುಡುಕಿದರೆ, ಆ ಕಡೆಯ ಸ್ನಾರ್ಕೆಲ್, ಅಂದ್ರೆ ಹೊರಗಿನ ಗಾಳಿ ಎಳೆದು ಡಬ್ಬಿಗೆ ತರುವ ಕೊಳವೆ, ಅದರ ಬಾಯಿ ಎರಡು ಬೆರಳು ಕೆಳಗಿದೆ. ಅದರ ಹಿಂದಿನ ಪ್ಲಾಸ್ಟಿಕ್ ತಡೆ ಚಕ್ರದ ಕಡೆಯ ಗಾಳಿಯನ್ನ ಪೂರ್ತಿ ತಡೆಯಲ್ಲ. ಒಂದೇ ಕಾರು, ಒಂದೇ ರಸ್ತೆ, ಆದ್ರೆ ಎರಡು ಫಿಲ್ಟರಿನ ಆಯಸ್ಸು ಬೇರೆ ಬೇರೆ. ಮತ್ತೆ ಎರಡನ್ನೂ ಒಂದೇ ದಿನ ಯಾಕೆ ಎಸೀಬೇಕು?

ಇಲ್ಲಿ ಒಂದು ವಿಷಯ ಗಮನಿಸಿ. ಪೇಪರ್ ಫಿಲ್ಟರ್ ಸ್ವಲ್ಪ ಧೂಳು ಹಿಡಿದ ಮೇಲೆ ಇನ್ನೂ ಚೆನ್ನಾಗಿ ಸೋಸುತ್ತದೆ. ಮೇಲೆ ಕೂತ ಧೂಳಿನ ಪದರವೇ ಸಣ್ಣ ಕಣಗಳನ್ನ ಹಿಡಿಯುತ್ತದೆ. ಅವಸರಕ್ಕೆ ಬಿದ್ದು ಬದಲಾಯಿಸಿದರೆ ದುಡ್ಡೂ ಹೋಯ್ತು, ಚೆನ್ನಾಗಿ ಪಳಗಿದ ಫಿಲ್ಟರೂ ಹೋಯ್ತು. ಹಾಗಾಗಿ ಬಣ್ಣ ನೋಡಿ ತೀರ್ಮಾನ ಮಾಡೋದನ್ನ ಬಿಟ್ಟೆ. ಕಪ್ಪಾಗಿ ಕಂಡದ್ದೆಲ್ಲ ಕಟ್ಟಿಕೊಂಡಿರಲ್ಲ. ಮಡಿಕೆಯ ಒಳಗೆ ಸಣ್ಣ ಧೂಳು ತುಂಬಿದ ಫಿಲ್ಟರ್ ಮೇಲಿಂದ ತಿಳಿ ಬೂದು ಬಣ್ಣದಲ್ಲೇ ಇರುತ್ತದೆ.

ಬಣ್ಣ ಬಿಟ್ಟರೆ ಅಳತೆ. ಒಂದೂವರೆ ಮೀಟರ್ ಪಾರದರ್ಶಕ ಪೈಪು, ಒಂದು ಹಲಗೆ, ಬಣ್ಣ ಹಾಕಿದ ನೀರು. ಯು ಆಕಾರಕ್ಕೆ ಬಗ್ಗಿಸಿ ಹಲಗೆಗೆ ಕಟ್ಟಿದರೆ ಮ್ಯಾನೋಮೀಟರ್ ಆಯ್ತು: ಗಾಳಿಗೆ ತಡೆ ಹೆಚ್ಚಿದಷ್ಟೂ ನೀರಿನ ಮಟ್ಟದ ಅಂತರ ಹೆಚ್ಚುತ್ತೆ. ಒಂದು ತುದಿ ಫಿಲ್ಟರ್ ದಾಟಿದ ಮೇಲಿನ ಶುದ್ಧ ಗಾಳಿಯ ಕಡೆಗೆ, ಇನ್ನೊಂದು ತುದಿ ಬಯಲಿಗೆ. ಮಧ್ಯದಲ್ಲಿ ಒಂದು ಖಾಲಿ ಬಾಟಲಿ ಸೇರಿಸಿ. ನೀರು ಮೇಲೇರಿದರೂ ಎಂಜಿನ್‌ಗೆ ಹೋಗಬಾರದು. ಡಬ್ಬಿಗೆ ತೂತು ಕೊರೆಯದೆ ಆ ತುದಿಯನ್ನ ಒಳಗೆ ಹೇಗೆ ಕೂರಿಸಿದೆ ಅನ್ನೋದನ್ನ ಮಾತ್ರ ಕೇಳಬೇಡಿ, ಅದು ನನ್ನ ಹತ್ತಿರವೇ ಇರಲಿ. ನಿಮ್ಮ ಡಬ್ಬಿಯನ್ನ ಚೆನ್ನಾಗಿ ನೋಡಿದರೆ ನಿಮಗೂ ಹೊಳೆಯುತ್ತೆ.

ಐಡಲ್‌ನಲ್ಲಿ ನೀರು ಅಲ್ಲಾಡೋದೂ ಇಲ್ಲ. ನಿಂತಲ್ಲೇ ರೇಸ್ ಕೊಟ್ಟರೂ ಹೆಚ್ಚೇನೂ ಕಾಣಿಸಲ್ಲ. ಖಾಲಿ ರಸ್ತೆಯಲ್ಲಿ, ಪಕ್ಕದ ಸೀಟಿನಲ್ಲಿ ಒಬ್ಬರನ್ನ ಕೂರಿಸಿ, ಎರಡನೇ ಗೇರಿನಲ್ಲಿ ಪೂರ್ತಿ ಆ್ಯಕ್ಸಿಲರೇಟರ್ ತುಳಿದಾಗ ಮಾತ್ರ ಪೈಪಿನ ಎರಡು ಕಡೆಯ ನೀರಿನ ಮಟ್ಟ ದೂರ ಆಗುತ್ತದೆ. ಹೊಸ ಫಿಲ್ಟರಿನಲ್ಲಿ ಅಂತರ 18 ಸೆಂ.ಮೀ. ಹತ್ತಿರ. ಹಳೆಯ ಎಡಗಡೆಯದರಲ್ಲಿ 20ರ ಆಸುಪಾಸು. ಬಲಗಡೆಯದರಲ್ಲಿ 26. ಲಾರಿ, ಟ್ರ್ಯಾಕ್ಟರ್‌ಗಳ ಫಿಲ್ಟರ್ ಡಬ್ಬಿ ಹತ್ತಿರ ಕೆಂಪು ತೋರಿಸುವ ಪುಟ್ಟ ಇಂಡಿಕೇಟರ್ ಇರುತ್ತದಲ್ಲ, ಅದು ಅಳೆಯೋದೂ ಇದನ್ನೇ. ದೊಡ್ಡ ಡೀಸೆಲ್‌ಗಳಲ್ಲಿ ಅದು 25 ಇಂಚು ನೀರಿಗೆ, ಅಂದ್ರೆ 63 ಸೆಂ.ಮೀ. ಸುಮಾರಿಗೆ, ಕೆಂಪಾಗುವುದು ಸಾಮಾನ್ಯ. ಕಾರಿಗೆ ಅಷ್ಟು ದೂರ ಕಾಯಬೇಕಾಗಿಲ್ಲ. ನಾನು ಹೊಸದರ ಓದಿಗಿಂತ 8 ಸೆಂ.ಮೀ. ಏರಿದರೆ ಬದಲಾಯಿಸ್ತೀನಿ.

ಒಂದು ಸಲ ಫಿಲ್ಟರೇ ಇಲ್ಲದೆ ಒಂದು ಓಟ ಓಡಿಸಿ ಅಳೆದೆ. ಬೈಯುವವರು ಬೈಯಿರಿ, ಮಳೆ ನಿಂತ ಮೇಲೆ ತೊಳೆದ ರಸ್ತೆಯಲ್ಲಿ ಮಾಡಿದ್ದು. ಅಂತರ 12 ಸೆಂ.ಮೀ. ಬಂತು. ಅಂದ್ರೆ ಒಟ್ಟು ತಡೆಯಲ್ಲಿ ಹೊಸ ಫಿಲ್ಟರಿನ ಪಾಲು ಮೂರನೇ ಒಂದು ಭಾಗ ಮಾತ್ರ, ಉಳಿದದ್ದೆಲ್ಲ ಸ್ನಾರ್ಕೆಲ್ ಮತ್ತು ಡಬ್ಬಿಯದು. "ಪರ್ಫಾರ್ಮೆನ್ಸ್ ಫಿಲ್ಟರ್" ಹಾಕಿ ಹಾರಿಹೋಗ್ತೀನಿ ಅನ್ನುವವರು ಈ ಅಂಕಿ ನೋಡಿಕೊಳ್ಳಿ. ಎಣ್ಣೆ ಹಚ್ಚಿದ ಕಾಟನ್ ಫಿಲ್ಟರನ್ನೂ ಗೆಳೆಯನಿಂದ ತಂದು ಹಾಕಿ ನೋಡಿದ್ದೇನೆ. 2 ಸೆಂ.ಮೀ. ಇಳಿಯಿತು. ಸದ್ದು ಮಾತ್ರ ಭರ್ಜರಿ. ಎಣ್ಣೆ ಜಾಸ್ತಿಯಾದರೆ ಮ್ಯಾಫ್‌ನ ತಂತಿಗೆ ಹೋಗಿ ಅಂಟುತ್ತೆ, ಆ ಸೆನ್ಸರಿನ ಬೆಲೆಗೆ ಎಷ್ಟು ಪೇಪರ್ ಫಿಲ್ಟರ್ ಬರುತ್ತೆ ಅಂತ ಲೆಕ್ಕ ಹಾಕಿ, ಅದೇ ವಾರ ವಾಪಸ್ ಕೊಟ್ಟೆ.

ಪ್ರತಿ ಸಲ ಹಲಗೆ ಕಟ್ಟಿಕೊಂಡು ಓಡಾಡೋದು ಬೇಜಾರಿನ ಕೆಲಸ. ಪಕ್ಕದಲ್ಲಿ ಕೂರುವವರೂ ತಪ್ಪಿಸಿಕೊಳ್ಳೋಕೆ ಶುರು ಮಾಡಿದರು. ಆಗ ಸಿಕ್ಕಿದ್ದು ಎರಡು ಮ್ಯಾಫ್ ಇರುವುದರ ಲಾಭ. ಓಬಿಡಿ ಡಾಂಗಲ್ (ಕಾರಿನ ಕಂಪ್ಯೂಟರಿನ ಅಂಕಿಗಳನ್ನ ಓದುವ ಪುಟ್ಟ ಸಾಧನ) ಹಾಕಿ, ಎರಡೂ ಸೆನ್ಸರಿನ ಗ್ರಾಂ-ಪರ್-ಸೆಕೆಂಡ್ ಅಂಕಿಯನ್ನ ಒಟ್ಟಿಗೆ ರೆಕಾರ್ಡ್ ಮಾಡಿ. ಎರಡೂ ಫಿಲ್ಟರ್ ಹೊಸದಿದ್ದಾಗ, ಪೂರ್ತಿ ತುಳಿದರೆ, ಗಾಳಿ 50-50 ಹಂಚಿಹೋಗುತ್ತದೆ. ಬಲಗಡೆಯದು ಕಟ್ಟಿಕೊಂಡಂತೆ ಆ ಕಡೆಯ ಪಾಲು ಇಳಿಯುತ್ತಾ ಬಂತು: 49, ಮತ್ತೆ 48. ನೀರು 26 ತೋರಿಸಿದಾಗ ಬಲಗಡೆಯ ಪಾಲು 48ಕ್ಕೂ ಚೂರು ಕೆಳಗಿತ್ತು. ಎರಡು ಅಳತೆಯೂ ಒಂದೇ ಮಾತು ಹೇಳಿದ ಮೇಲೆ ಹಲಗೆಯನ್ನ ಗೋಡೆಗೆ ಒರಗಿಸಿಟ್ಟೆ. ಎಡಗಡೆಯದನ್ನ ಬದಲಾಯಿಸಬೇಕಾ ಅಂತ ನೋಡುವಾಗ ಮಾತ್ರ ಅದನ್ನ ಮತ್ತೆ ತೆಗೀತೀನಿ. ಯಾಕಂದ್ರೆ ಎರಡೂ ಒಂದೇ ಸಮ ಕಟ್ಟಿಕೊಂಡರೆ ಹಂಚಿಕೆ ಏನನ್ನೂ ಹೇಳಲ್ಲ.

ಒಂದನ್ನೇ ಬದಲಾಯಿಸಿದರೆ ಎಂಜಿನ್ ಬ್ಯಾಲೆನ್ಸ್ ತಪ್ಪುತ್ತೆ ಅನ್ನುವವರಿಗೂ ಇದೇ ಉತ್ತರ. ಒಂದು ಕಡೆ ತಡೆ ಜಾಸ್ತಿಯಾದರೆ ಇನ್ನೊಂದು ಕಡೆಯಿಂದ ಗಾಳಿ ಸ್ವಲ್ಪ ಹೆಚ್ಚು ಬರುತ್ತದೆ, ಪ್ಲೀನಮ್‌ನಲ್ಲಿ ಎರಡೂ ಬೆರೆಯುತ್ತವೆ. ಎರಡೂ ಮ್ಯಾಫ್ ತಮ್ಮ ತಮ್ಮ ಪಾಲನ್ನ ಅಳೆದೇ ಕೊಡುತ್ತವೆ. ಲಾಂಗ್ ಟರ್ಮ್ ಫ್ಯುಯೆಲ್ ಟ್ರಿಮ್, ಅಂದ್ರೆ ಕಂಪ್ಯೂಟರ್ ಪೆಟ್ರೋಲನ್ನ ಎಷ್ಟು ಹೆಚ್ಚುಕಡಿಮೆ ಮಾಡಿ ಸರಿದೂಗಿಸುತ್ತಿದೆ ಅನ್ನುವ ಅಂಕಿ, ಎರಡೂ ಬ್ಯಾಂಕಿನಲ್ಲಿ (ವಿ6ನ ಸಿಲಿಂಡರುಗಳ ಎರಡು ಸಾಲು) ಮೊದಲಿದ್ದ ಹಾಗೇ, 2-3 ಶೇಕಡಾ ಒಳಗೇ ಇದೆ. ಪ್ಲೀನಮ್ ಬೇರೆ ಬೇರೆ ಇರುವ ಎಂಜಿನ್‌ನವರು ಮಾತ್ರ ನನ್ನನ್ನು ನೋಡಿ ಕಾಪಿ ಹೊಡೆಯಬೇಡಿ.

ಮೈಲೇಜು? ಬದಲಾಗಲಿಲ್ಲ. ಇದನ್ನ ಹೇಳಿದಾಗ ಯಾರೂ ನಂಬಲಿಲ್ಲ, ಫಿಲ್ಟರ್ ಬದಲಾಯಿಸಿದ ದಿನವೇ ಮೈಲೇಜು ಏರುತ್ತೆ ಅಂತ ಎಲ್ಲರ ತಲೆಯಲ್ಲೂ ಕೂತಿದೆ. ಕಾರ್ಬುರೇಟರ್ ಕಾಲದ ಮಾತು ಅದು. ಅಮೆರಿಕದ ಓಕ್ ರಿಡ್ಜ್ ನ್ಯಾಷನಲ್ ಲ್ಯಾಬೊರೇಟರಿಯವರು 2009ರಲ್ಲಿ ಇದನ್ನೇ ಪರೀಕ್ಷೆ ಮಾಡಿ, ಇಂಜೆಕ್ಷನ್ ಇರುವ ಈಗಿನ ಪೆಟ್ರೋಲ್ ಕಾರುಗಳಲ್ಲಿ ಕಟ್ಟಿಕೊಂಡ ಫಿಲ್ಟರಿನಿಂದ ಮೈಲೇಜಿಗೆ ಹೇಳಿಕೊಳ್ಳುವಂಥ ವ್ಯತ್ಯಾಸ ಆಗಲ್ಲ, ಪಿಕಪ್ ಮಾತ್ರ ಕುಗ್ಗುತ್ತದೆ ಅಂತ ತೋರಿಸಿದ್ದಾರೆ. ಬರುವ ಗಾಳಿಗೆ ತಕ್ಕಷ್ಟೇ ಪೆಟ್ರೋಲನ್ನ ಕಂಪ್ಯೂಟರ್ ಹಾಕುತ್ತೆ, ಅಷ್ಟೇ. ಓವರ್‌ಟೇಕ್ ಮಾಡುವಾಗ ನನಗೂ ವ್ಯತ್ಯಾಸ ಗೊತ್ತಾಗಿದೆ, ಪೆಟ್ರೋಲ್ ಬಂಕಿನಲ್ಲಿ ಗೊತ್ತಾಗಿಲ್ಲ.

ಇನ್ನು ಕೈಕೊಟ್ಟ ಸಾಮಾನುಗಳು. ಅಗ್ಗದ ಫಿಲ್ಟರ್ ಅಂತ ಅರ್ಧ ಬೆಲೆಗೆ ಸಿಕ್ಕಿದ್ದನ್ನ ತಂದೆ. ನೋಡೋಕೆ ಒರಿಜಿನಲ್‌ನಂತೆಯೇ. ಸುತ್ತಲಿನ ರಬ್ಬರ್ ಅಂಚು ಮಾತ್ರ ಗಟ್ಟಿ, ಉಗುರು ಒತ್ತಿದರೆ ಗುರುತೇ ಮೂಡಲ್ಲ. ಕೆಲವು ಸಾವಿರ ಕಿಲೋಮೀಟರ್ ಆದ ಮೇಲೆ ತೆಗೆದರೆ, ಶುದ್ಧ ಕಡೆಯ ಗೋಡೆಯ ಮೇಲೆ, ಒಂದು ಮೂಲೆಯಿಂದ ಪೈಪಿನ ಬಾಯಿಯವರೆಗೆ, ಬೂದು ಬಣ್ಣದ ಸಣ್ಣ ಗೆರೆ. ಬೆರಳಿಂದ ಒರೆಸಿ ಉಜ್ಜಿದರೆ ನಯವಾದ ಮರಳು. ಆ ಮರಳು ಮುಂದೆ ಹೋಗೋದು ಸಿಲಿಂಡರಿಗೆ. ಇನ್ನೊಂದು ಕಂಪನಿಯದು ಅಂಚು ಚೆನ್ನಾಗಿತ್ತು, ಮಡಿಕೆ ಹಿಡಿದ ಅಂಟು ಬಿಸಿಗೆ ಮೆತ್ತಗಾಗಿ ಮಡಿಕೆಗಳು ಒಂದಕ್ಕೊಂದು ಅಂಟಿಕೊಂಡವು. ಎರಡು ಅಗ್ಗದ ಫಿಲ್ಟರಿಗೆ ಕೊಟ್ಟ ದುಡ್ಡಿಗೆ ಒಂದು ಒರಿಜಿನಲ್ ಬರುತ್ತಿತ್ತು. ಈಗ ಹಾಕುತ್ತಿರುವುದು ಒರಿಜಿನಲ್ ಅಲ್ಲ, ಅದಕ್ಕಿಂತ ಕಡಿಮೆ ಬೆಲೆಯದು. ಯಾವುದು ಅಂತ ಬರೆದರೆ ನಾಳೆಯೇ ಅದರ ಡುಪ್ಲಿಕೇಟ್ ಬರುತ್ತೆ. ಒಂದೇ ಸುಳಿವು: ಮಡಿಕೆ ಎಣಿಸಿ, ಅಂಚನ್ನ ಉಗುರಿನಿಂದ ಒತ್ತಿ, ಒತ್ತಿದ ಗುರುತು ನಿಧಾನಕ್ಕೆ ಮಾಯವಾಗಬೇಕು.

ಏರ್ ಗನ್‌ನಿಂದ ಊದಿ ಮತ್ತೆ ಹಾಕುವ ಉಪಾಯವನ್ನೂ ತೂಕಕ್ಕೆ ಹಾಕಿದೆ. ಒಳಗಿನಿಂದ ಹೊರಗೆ, ಕಡಿಮೆ ಪ್ರೆಶರ್‌ನಲ್ಲಿ ಊದಿದರೂ ಹಿಡಿದ ಧೂಳಿನಲ್ಲಿ ಮೂರನೇ ಒಂದು ಭಾಗ ಮಾತ್ರ ಹೋಯಿತು. ದಪ್ಪ ಮಣ್ಣು ಉದುರಿತು, ಮಡಿಕೆಯ ಒಳಗಿನ ಸಣ್ಣ ಧೂಳು ಅಲ್ಲಾಡಲಿಲ್ಲ. ಮ್ಯಾನೋಮೀಟರ್ 26ರಿಂದ 25ಕ್ಕೆ ಬಂತು. ಪ್ರೆಶರ್ ಏರಿಸಿದರೆ ಪೇಪರ್ ಹರಿಯುತ್ತೆ, ಹರಿದದ್ದು ಕಣ್ಣಿಗೆ ಕಾಣೋದೂ ಇಲ್ಲ. ಸೋಪಿನ ನೀರಿನಲ್ಲಿ ತೊಳೆದು ಒಣಗಿಸಿದ್ದು ಹಪ್ಪಳದ ಹಾಗೆ ಸೊಟ್ಟಗಾಯ್ತು, ಅದನ್ನ ಕಾರಿಗೆ ಹಾಕಲೇ ಇಲ್ಲ.

ಕೂರಿಸುವಾಗ ನಾನು ಸಮಯ ಕೊಡೋದು ಮುಚ್ಚಳಕ್ಕೆ. ಎಂಜಿನ್ ಸ್ವಲ್ಪ ಬೆಚ್ಚಗಿರುವಾಗಲೇ ಬಿಚ್ಚುತ್ತೇನೆ, ಹಳೆಯ ಪ್ಲಾಸ್ಟಿಕ್ ತಣ್ಣಗಿದ್ದಾಗ ಕ್ಲಿಪ್ಪಿನ ಕಿವಿ ಟಪ್ ಅಂತ ಮುರಿಯುತ್ತೆ. ಇಗ್ನಿಷನ್ ಆಫ್ ಮಾಡಿ ಮ್ಯಾಫ್ ಕನೆಕ್ಟರ್ ತೆಗೆದು, ಪೈಪಿನ ಬಾಯಿಗೆ ಬಟ್ಟೆ ತುರುಕಿ, ಬಟ್ಟೆಗೆ ಉದ್ದ ಕೆಂಪು ದಾರ ಕಟ್ಟಿ ಹೊರಗೆ ಬಿಡ್ತೀನಿ. ತಳವನ್ನ ವ್ಯಾಕ್ಯೂಮ್ ಮಾಡಿ ಒದ್ದೆ ಬಟ್ಟೆಯಿಂದ ಒರೆಸಬೇಕು, ಊದಬಾರದು. ನೀರಿನ ತೂತಿಗೆ ತಂತಿ ಹಾಕಿ ಬಿಡಿಸಬೇಕು. ಮುಚ್ಚಳದ ಹಿಂದಿನ ನಾಲಿಗೆ ಮೊದಲು ಕೂರಬೇಕು, ಆಮೇಲೆ ಮುಂದಿನದು. ಸ್ಕ್ರೂವನ್ನ ಮೊದಲು ಹಿಂದಕ್ಕೆ ತಿರುಗಿಸಿ, ಹಳೆಯ ಥ್ರೆಡ್ಡಿಗೆ ಕಟಕ್ ಅಂತ ಬಿದ್ದ ಮೇಲೆ ಮುಂದಕ್ಕೆ. ಇಲ್ಲಾಂದ್ರೆ ಪ್ಲಾಸ್ಟಿಕ್‌ನಲ್ಲಿ ಹೊಸ ಥ್ರೆಡ್ ಕೊರೆದು ಎರಡನೇ ಸಲಕ್ಕೆ ಲೂಸ್ ಆಗುತ್ತೆ.

ಆಮೇಲೆ ಕಾಗದದ ಪರೀಕ್ಷೆ. ಬೆರಳಗಲದ ಕಾಗದದ ಪಟ್ಟಿಗಳನ್ನ ಫಿಲ್ಟರಿನ ಅಂಚಿನ ಮೇಲೆ ಸುತ್ತಲೂ ಇಟ್ಟು ಮುಚ್ಚಳ ಬಿಗಿದು, ಒಂದೊಂದನ್ನೇ ಎಳೆದು ನೋಡ್ತೀನಿ. ಬಿಗಿಯಾಗಿ ಹಿಡಿದಿರಬೇಕು. ಸಲೀಸಾಗಿ ಜಾರಿ ಬಂದರೆ ಆ ಜಾಗದಲ್ಲಿ ಧೂಳೂ ಸಲೀಸಾಗಿ ಹೋಗುತ್ತೆ ಅಂತ ಅರ್ಥ. ಅಗ್ಗದ ಫಿಲ್ಟರ್ ಇದರಲ್ಲೇ ಸಿಕ್ಕಿಬಿದ್ದದ್ದು, ಬೂದು ಗೆರೆ ಇದ್ದ ಮೂಲೆಯಲ್ಲೇ ಕಾಗದ ಜಾರಿತು. ಎಲ್ಲಾ ಪಟ್ಟಿ ಹೊರಗೆ ತೆಗೆದ ಮೇಲೇ ಕೊನೆಯ ಸಲ ಮುಚ್ಚಬೇಕು. ಮ್ಯಾಫ್ ಆದ ಮೇಲಿನ ಕ್ಲಾಂಪ್ ಸಡಿಲ ಇದ್ದರೆ ಮಾತ್ರ ಕಾಗದ ಹೇಳಲ್ಲ, ಅದನ್ನ ಟ್ರಿಮ್ ಹೇಳುತ್ತೆ: ಐಡಲ್‌ನಲ್ಲಿ ಎರಡೂ ಬ್ಯಾಂಕ್ ಪ್ಲಸ್ ಕಡೆ ಏರುತ್ತವೆ, ಬಿಟ್ಟರೆ ಪಿ0171, ಪಿ0174 ಅನ್ನೋ ದೋಷದ ಕೋಡ್ (ಗಾಳಿಗೆ ಹೋಲಿಸಿದರೆ ಪೆಟ್ರೋಲ್ ಕಡಿಮೆ ಅಂತ) ಜೋಡಿಯಾಗಿ ಬರುತ್ತವೆ.

ಈಗಿನ ಲೆಕ್ಕ: ಬಲಗಡೆಯದು 30 ಸಾವಿರದ ಹತ್ತಿರ, ಎಡಗಡೆಯದು 50 ದಾಟಿದ ಮೇಲೆ. ಒಂದು ಸಲದ ಬಿಲ್ಲಿಗೆ 100 ಅನ್ನುವ ಅದೇ ಲೆಕ್ಕದಲ್ಲಿ, ಮೊದಲು 80 ಸಾವಿರ ಕಿಲೋಮೀಟರ್‌ಗೆ 400 ಖರ್ಚಾಗುತ್ತಿದ್ದ ಕಡೆ ಈಗ 130ರ ಆಸುಪಾಸು. ಡಾಂಗಲ್, ಪೈಪು ಸೇರಿಸಿದರೂ ಅವು ಮೊದಲ ಸುತ್ತಿನಲ್ಲೇ ವಸೂಲಾದವು.

ಬಲಗಡೆಯ ಸ್ನಾರ್ಕೆಲ್ ಬಾಯಿಗೆ ಸಣ್ಣ ಜಾಲರಿ ಹಾಕಿಯೂ ನೋಡಿದೆ. ಎಲೆ, ಹುಳ ನಿಂತವು. ಧೂಳು ನಿಲ್ಲಲಿಲ್ಲ, ಗಾಳಿಯ ಪಾಲು ಒಂದು ಶೇಕಡಾ ಇಳಿಯಿತು, ಕಿತ್ತು ಹಾಕಿದೆ. ಹಿಂದಿನ ಪ್ಲಾಸ್ಟಿಕ್ ತಡೆಗೆ ಒಂದು ತುಂಡು ಫೋಮ್ ಸೇರಿಸಿ ಈಗ ಓಡಿಸ್ತಾ ಇದ್ದೇನೆ, ಮುಂದಿನ ಸಲ ತೂಕ ಹಾಕಿದಾಗ ಗೊತ್ತಾಗುತ್ತೆ. ಒಂದೇ ಡಬ್ಬಿ, ಒಂದೇ ಮ್ಯಾಫ್ ಇರುವ ಗಾಡಿಯವರಿಗೆ ಹಂಚಿಕೆಯ ದಾರಿ ಇಲ್ಲ. ನೀವು ನೀರಿನ ಹಲಗೆಯನ್ನೇ ಕಟ್ಟಿ. ಹೊಸ ಫಿಲ್ಟರ್ ಹಾಕಿದ ದಿನವೇ ಒಂದು ಓದು ತೆಗೆದು ಡಬ್ಬಿಯ ಮೇಲೆ ಮಾರ್ಕರ್‌ನಲ್ಲಿ ಬರೆದಿಡಿ. ಆ ಮೊದಲ ಅಂಕಿ ಇಲ್ಲದಿದ್ದರೆ ಆಮೇಲಿನ ಯಾವ ಅಂಕಿಗೂ ಬೆಲೆ ಇಲ್ಲ.