ಆನ್‌ಲೈನ್ ಥೆರಪಿ: ಮೊದಲ ಸೆಷನ್‌ಗೆ ಮುಂಚೆ ಏನೇನು ಮಾಡಿಕೊಳ್ಳಬೇಕು?

ಥೆರಪಿಸ್ಟ್ ಹತ್ತಿರ ನೇರವಾಗಿ ಹೋದರೆ ಎಷ್ಟೋ ಸಂಗತಿಗಳು ಅಲ್ಲಿ ಮೊದಲೇ ಸಿದ್ಧವಾಗಿರುತ್ತವೆ. ಬಾಗಿಲು ಮುಚ್ಚಿರುತ್ತದೆ. ಮಾತು ಹೊರಗೆ ಕೇಳುವುದಿಲ್ಲ. ನಡುವೆ ಯಾರೂ ಬರುವುದಿಲ್ಲ. ಆನ್‌ಲೈನ್‌ನಲ್ಲಿ ಇಷ್ಟನ್ನೂ ನಾವೇ ಹೊಂದಿಸಿಕೊಳ್ಳಬೇಕು. ಇದು ಗೊತ್ತಿಲ್ಲದೆ ಶುರು ಮಾಡಿದರೆ ಮೊದಲ ಕೆಲವು ಸೆಷನ್ ಸುಮ್ನೆ ಹಾಳಾಗಬಹುದು.

ಪರದೆಯ ಮೇಲೆ ಮಾತಾಡಿದರೆ ನಿಜಕ್ಕೂ ಉಪಯೋಗ ಆಗುತ್ತಾ ಎಂಬ ಅನುಮಾನ ಸಹಜ. ಖಿನ್ನತೆ ಮತ್ತು ಆತಂಕಕ್ಕೆ ವಿಡಿಯೊ ಮೂಲಕ ಕೊಡುವ ಸಿಬಿಟಿ (ಯೋಚಿಸುವ, ನಡೆದುಕೊಳ್ಳುವ ರೀತಿಯನ್ನು ಬದಲಿಸಿಕೊಳ್ಳಲು ಕಲಿಸುವ ಮಾತಿನ ಚಿಕಿತ್ಸೆ), ಎದುರು ಕೂತು ಮಾಡುವಷ್ಟೇ ಫಲ ಕೊಡುತ್ತದೆ ಎಂದು ಹಲವು ಅಧ್ಯಯನಗಳು ತೋರಿಸಿವೆ. ಈ ಪ್ರಯತ್ನ ಹೊಸದೂ ಅಲ್ಲ. ಅಮೆರಿಕದ ನೆಬ್ರಾಸ್ಕದಲ್ಲಿ 1959ರಲ್ಲೇ ಟಿವಿ ಸಂಪರ್ಕದ ಮೂಲಕ ಗುಂಪು ಚಿಕಿತ್ಸೆ ನಡೆದಿತ್ತು.

ಆದರೆ ಎಲ್ಲರಿಗೂ, ಎಲ್ಲ ಹೊತ್ತಿಗೂ ಇದು ಹೊಂದುವುದಿಲ್ಲ. ಜೀವ ತೆಗೆದುಕೊಳ್ಳುವ ಯೋಚನೆ ಈಗಲೇ ತೀವ್ರವಾಗಿ ಕಾಡುತ್ತಿದ್ದರೆ ಮುಂದಿನ ವಾರದ ವಿಡಿಯೊ ಕರೆಗೆ ಕಾಯಬೇಡಿ. ಹತ್ತಿರದ ಆಸ್ಪತ್ರೆಗೋ ತುರ್ತು ಸಹಾಯವಾಣಿಗೋ ಈಗಲೇ ಹೋಗಬೇಕು, ಕರೆ ಮಾಡಬೇಕು. ಇಲ್ಲದ ದನಿಗಳು ಕೇಳಿಸುತ್ತಿದ್ದರೆ, ಯಾರೋ ಬೆನ್ನು ಹತ್ತಿದ್ದಾರೆ ಅನ್ನಿಸುತ್ತಿದ್ದರೆ ಮೊದಲು ಮನೋವೈದ್ಯರನ್ನು ನೇರವಾಗಿ ನೋಡುವುದು ಒಳ್ಳೆಯದು. ಮನೆಯಲ್ಲೇ ನಿಮ್ಮ ಮೇಲೆ ಹಿಂಸೆ ನಡೆಯುತ್ತಿದ್ದರೆ ಆ ಮನೆಯಿಂದ ಸೆಷನ್ ಮಾಡುವುದು ಅಪಾಯ. ಹೊರಗಿನ ಸುರಕ್ಷಿತ ಜಾಗ ಹುಡುಕಿ.

ಯಾರ ಬಳಿ ಹೋಗುತ್ತಿದ್ದೀರಿ, ವಿಚಾರಿಸಿ

ಓದು, ತರಬೇತಿ, ನೋಂದಣಿ ಬಗ್ಗೆ ಕೇಳಲು ಸಂಕೋಚ ಬೇಡ. ಒಳ್ಳೆಯ ಥೆರಪಿಸ್ಟ್ ಇದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ. ಮಾತ್ರೆ ಬೇಕಾಗಬಹುದು ಅನ್ನಿಸಿದರೆ ಮನೋವೈದ್ಯರೂ ಬೇಕಾಗುತ್ತಾರೆ. ಸಾಮಾನ್ಯವಾಗಿ ಮನಶ್ಶಾಸ್ತ್ರಜ್ಞರು, ಆಪ್ತಸಮಾಲೋಚಕರು ಔಷಧಿ ಬರೆಯುವುದಿಲ್ಲ. ಇನ್ನೊಂದು ವಿಷಯ ತುಂಬ ಜನರಿಗೆ ಗೊತ್ತಿರುವುದಿಲ್ಲ. ಹಲವು ದೇಶಗಳಲ್ಲಿ, ಕ್ಲೈಂಟ್ ಇರುವ ಊರಿನ ಕಾನೂನಿನ ಪ್ರಕಾರ ಥೆರಪಿಸ್ಟ್‌ಗೆ ಪರವಾನಗಿ ಇರಬೇಕು. ಹಾಗಾಗಿ ಬೇರೆ ದೇಶಕ್ಕೆ ಹೋದಾಗ ಸೆಷನ್ ಮುಂದುವರಿಸಬಹುದಾ ಎಂದು ಮೊದಲೇ ಕೇಳಿಡಿ.

ಸಹಿ ಹಾಕುವ ಮುಂಚೆ ಓದಿ

ಒಪ್ಪಿಗೆ ಪತ್ರ ಬರುತ್ತದೆ. ಪೂರ್ತಿ ಓದಿ. ಶುಲ್ಕ ಎಷ್ಟು, ಸೆಷನ್ ರದ್ದು ಮಾಡಲು ಎಷ್ಟು ಗಂಟೆ ಮುಂಚೆ ತಿಳಿಸಬೇಕು (24 ಗಂಟೆ ಎಂಬ ನಿಯಮ ಸಾಮಾನ್ಯ), ನಡುವೆ ಮೆಸೇಜ್ ಕಳಿಸಿದರೆ ಉತ್ತರ ಬರುತ್ತದಾ, ಇವೆಲ್ಲ ಅದರಲ್ಲಿ ಇರಬೇಕು. ನೀವು ಹೇಳಿದ್ದನ್ನು ಗುಟ್ಟಾಗಿಡುವುದಕ್ಕೂ ಒಂದು ಮಿತಿ ಇದೆ. ನಿಮ್ಮ ಜೀವಕ್ಕೆ, ಬೇರೆಯವರ ಜೀವಕ್ಕೆ ಅಪಾಯ ಕಂಡರೆ, ಮಗುವಿನ ಮೇಲೆ ದೌರ್ಜನ್ಯ ನಡೆಯುತ್ತಿದ್ದರೆ, ಕೋರ್ಟ್ ಆದೇಶ ಬಂದರೆ ಥೆರಪಿಸ್ಟ್ ಸುಮ್ಮನಿರಲು ಆಗದೇ ಇರಬಹುದು.

ಮಾಹಿತಿ ಎಲ್ಲಿ ಉಳಿಯುತ್ತದೆ ಎಂಬುದನ್ನು ಹಗುರವಾಗಿ ನೋಡಬೇಡಿ. ಫಿನ್‌ಲೆಂಡ್‌ನ ವಸ್ತಾಮೊ ಎಂಬ ಥೆರಪಿ ಸಂಸ್ಥೆಯಿಂದ ಕದ್ದ ದಾಖಲೆಗಳನ್ನು ಇಟ್ಟುಕೊಂಡು 2020ರಲ್ಲಿ ಕ್ಲೈಂಟ್‌ಗಳಿಗೇ ಇಮೇಲ್ ಕಳಿಸಿ ಹಣ ಕೇಳಿದ್ದರು. ಬಳಕೆದಾರರ ಆರೋಗ್ಯ ಮಾಹಿತಿಯನ್ನು ಜಾಹೀರಾತಿಗಾಗಿ ಫೇಸ್‌ಬುಕ್‌ನಂಥ ಕಂಪನಿಗಳಿಗೆ ಕೊಟ್ಟ ಆರೋಪದ ಮೇಲೆ ಆನ್‌ಲೈನ್ ಥೆರಪಿ ಕೊಡುವ ಬೆಟರ್‌ಹೆಲ್ಪ್ ಆ್ಯಪ್ 78 ಲಕ್ಷ ಡಾಲರ್ ಕಟ್ಟಬೇಕೆಂದು 2023ರಲ್ಲಿ ಗ್ರಾಹಕರ ಹಿತ ಕಾಯುವ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಟಿಸಿ ಆದೇಶಿಸಿತು. ಇದನ್ನು ಕೇಳಿ ಥೆರಪಿಯನ್ನೇ ಬಿಡಬೇಕಿಲ್ಲ. ಸೆಷನ್ ರೆಕಾರ್ಡ್ ಆಗುತ್ತದಾ, ಟಿಪ್ಪಣಿ ಯಾರು ನೋಡುತ್ತಾರೆ, ಎಷ್ಟು ವರ್ಷ ಇಡುತ್ತಾರೆ ಎಂದು ಕೇಳಿ. ಸ್ಪಷ್ಟ ಉತ್ತರ ಸಿಗದಿದ್ದರೆ ಬೇರೆ ಕಡೆ ನೋಡಿ.

ಜಾಗ

ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದದ್ದು ಇದು. ಪಕ್ಕದ ಕೋಣೆಯಲ್ಲಿ ಅಮ್ಮನೋ ಗಂಡನೋ ಇದ್ದಾರೆ ಅಂದರೆ ಅವರ ಬಗ್ಗೆಯೇ ಇರುವ ಮಾತು ಹೊರಗೆ ಬರುವುದೇ ಇಲ್ಲ, ಅಲ್ವಾ? ದನಿ ತಗ್ಗುತ್ತದೆ, ‘ಎಲ್ಲ ಪರವಾಗಿಲ್ಲ’ ಎಂದು ಸೆಷನ್ ಮುಗಿಯುತ್ತದೆ. ಆದ್ದರಿಂದ ಮನೆ ಖಾಲಿ ಇರುವ ಹೊತ್ತನ್ನೇ ಆರಿಸಿ. ಆಗದಿದ್ದರೆ ಬಾಗಿಲ ಹೊರಗೆ ಫ್ಯಾನ್ ಹಾಕಿ, ರೇಡಿಯೊ ಹಚ್ಚಿ. ನಿಲ್ಲಿಸಿದ ಕಾರಿನೊಳಗೆ ಕೂತು ಮಾತಾಡುವವರೂ ಇದ್ದಾರೆ, ಅದೂ ಸರಿಯೇ. ಗಾಡಿ ಓಡಿಸುತ್ತಾ ಮಾತ್ರ ಬೇಡವೇ ಬೇಡ. ಹೆಡ್‌ಫೋನ್ ಹಾಕಿದರೆ ಥೆರಪಿಸ್ಟ್ ಮಾತು ಬೇರೆಯವರಿಗೆ ಕೇಳುವುದಿಲ್ಲ, ನಿಮ್ಮ ಮಾತು ಕೇಳುತ್ತದೆ ಅನ್ನುವುದು ನೆನಪಿರಲಿ. ಯಾರಾದರೂ ಒಳಗೆ ಬಂದರೆ ಮಾತು ಬದಲಿಸಲು ಒಂದು ಗುರುತಿನ ಪದ ಇಟ್ಟುಕೊಳ್ಳಿ. ಥೆರಪಿಸ್ಟ್ ತಕ್ಷಣ ಅರ್ಥ ಮಾಡಿಕೊಳ್ಳುತ್ತಾರೆ.

ಆಫೀಸಿನ ಲ್ಯಾಪ್‌ಟಾಪ್ ಬಳಸಬೇಡಿ. ಅದರಲ್ಲಿ ಏನು ಮಾಡುತ್ತೀರಿ ಎಂದು ಕಂಪನಿ ನೋಡುತ್ತಿರಬಹುದು. ಮನೆಯವರೆಲ್ಲ ಬಳಸುವ ಫೋನ್, ಟ್ಯಾಬ್ ಆದರೆ ಕ್ಯಾಲೆಂಡರ್ ನೋಟಿಫಿಕೇಷನ್ ಆಫ್ ಮಾಡಿ.

ಕರೆ ಕಟ್ ಆದರೆ?

ಅಳುತ್ತಿರುವಾಗಲೇ ನೆಟ್‌ವರ್ಕ್ ಹೋಗಬಹುದು. ಯಾರು ಯಾರಿಗೆ, ಯಾವ ನಂಬರಿಗೆ ಫೋನ್ ಮಾಡಬೇಕು ಎಂದು ಮೊದಲೇ ಮಾತಾಡಿಕೊಳ್ಳಿ. ಪ್ರತಿ ಸಲ ‘ಈಗ ಎಲ್ಲಿದ್ದೀರಿ?’ ಎಂದು ಥೆರಪಿಸ್ಟ್ ಕೇಳಿದರೆ ಅದು ಕುತೂಹಲಕ್ಕಲ್ಲ. ತುರ್ತು ಸಂದರ್ಭದಲ್ಲಿ ಸಹಾಯ ಕಳಿಸಲು ವಿಳಾಸ ಬೇಕು. ಆಪ್ತರೊಬ್ಬರ ನಂಬರ್ ಕೇಳುವುದೂ ಅದಕ್ಕೇ.

ಮೊದಲ ದಿನ

ಸೆಷನ್ ಸಾಮಾನ್ಯವಾಗಿ 45ರಿಂದ 50 ನಿಮಿಷ. ಮೊದಲನೆಯದು ಹೆಚ್ಚಾಗಿ ಪ್ರಶ್ನೆಗಳಲ್ಲೇ ಕಳೆಯುತ್ತದೆ. ಖಿನ್ನತೆ ಎಷ್ಟಿದೆ ಎಂದು ನೋಡುವ ಪಿಎಚ್‌ಕ್ಯೂ-9 ಎಂಬ ಪ್ರಶ್ನೆಪಟ್ಟಿಯನ್ನೂ ಕೊಡಬಹುದು. ಕಳೆದ 2 ವಾರ ಹೇಗಿದ್ದಿರಿ ಎಂಬುದರ ಮೇಲೆ 9 ಪ್ರಶ್ನೆ. ಸತ್ತರೆ ಚೆನ್ನಾಗಿತ್ತು ಅನ್ನಿಸಿದೆಯೇ ಎಂಬುದು ಕೊನೆಯದು. ಹೆದರಿ ಸುಳ್ಳು ಬರೆಯಬೇಡಿ. ಹೌದು ಎಂದರೆ ಅವರು ಮೊದಲು ನಿಮ್ಮೊಡನೆಯೇ ಅದರ ಬಗ್ಗೆ ಮಾತಾಡುತ್ತಾರೆ.

ಪರದೆಯಲ್ಲಿ ಅವರಿಗೆ ಕಾಣುವುದು ನಿಮ್ಮ ಮುಖ ಮಾತ್ರ. ಕೈ ನಡುಗುತ್ತಿದ್ದರೆ, ಹೊಟ್ಟೆ ಹಿಂಡಿದಂತಾದರೆ ಬಾಯಿಬಿಟ್ಟು ಹೇಳಬೇಕು. ನಿಮ್ಮ ಮುಖವೇ ನಿಮಗೆ ಕಾಣುತ್ತಾ ಕಿರಿಕಿರಿ ಆಗುತ್ತಿದ್ದರೆ ಆ ಚೌಕವನ್ನು ಮರೆಮಾಡಬಹುದು.

ಮುಗಿದ ಕೂಡಲೇ ಆಫೀಸ್ ಮೀಟಿಂಗ್‌ಗೆ ಕೂರಬೇಡಿ. ನೇರವಾಗಿ ಹೋಗಿದ್ದರೆ ವಾಪಸ್ ಬರುವ ದಾರಿಯಲ್ಲಿ ಮನಸ್ಸು ತಿಳಿಯಾಗಲು ಸಮಯ ಸಿಗುತ್ತಿತ್ತು. ಇಲ್ಲಿ ಅದನ್ನು ಬೇಕೆಂದೇ ಇಟ್ಟುಕೊಳ್ಳಬೇಕು. ಒಂದಿಷ್ಟು ನಡೆದು ಬನ್ನಿ.

ಮೂರು ನಾಲ್ಕು ಸೆಷನ್ ಆದ ಮೇಲೂ ಇವರ ಹತ್ತಿರ ಮನಸ್ಸು ಬಿಚ್ಚಲು ಆಗುತ್ತಿಲ್ಲ ಅನ್ನಿಸಿದರೆ ಅವರಿಗೇ ನೇರವಾಗಿ ಹೇಳಿ. ಬೇರೆಯವರ ಹೆಸರು ಸೂಚಿಸಿ ಎಂದು ಕೇಳುವುದರಲ್ಲೂ ತಪ್ಪಿಲ್ಲ. ಏನೂ ಹೇಳದೆ ಲಿಂಕ್ ಒತ್ತುವುದನ್ನು ನಿಲ್ಲಿಸಿಬಿಡುವುದು ಆನ್‌ಲೈನ್‌ನಲ್ಲಿ ಬಲು ಸುಲಭ, ಅದಕ್ಕೇ ಇದನ್ನು ಒತ್ತಿ ಹೇಳುತ್ತಿದ್ದೇನೆ.